‘ಆ’ ಸೈತಾನ ಯಾರು?

“ಸತ್ತವರೇ ಹೆಸರು ಬರೆದಿಟ್ಟು ಹೋಗಿದ್ದಾರೆ, ಲಿಪಿಯಕ್ಕ. ಇನ್ನೇನು, ಅವರೇ ಎದ್ದು ಬಂದು ಸಾಕ್ಷಿ ಹೇಳ್ಬೇಕಾ?”

ಇನ್ಸ್‌ಪೆಕ್ಟರು ಪ್ಲಾಸ್ಟಿಕ್ ಲಕೋಟೆಯೊಂದನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು. ಒಳಗೆ ಸತ್ತವರ ಮನೆಯಲ್ಲಿ ಸಿಕ್ಕ ಅಂಗೈಯಗಲದ ಕಾಗದ. ಮೇಲಿನ ಅಂಚು ನೇರ, ಕೆಳಗಿನದು ಹರಿದದ್ದು. ಕಪ್ಪು ಶಾಯಿಯಲ್ಲಿ ಮೇಷ್ಟ್ರ ದುಂಡು ಅಕ್ಷರ:

ಆ ಸೈತಾನ, ಬಲಗಡೆಗೆ:

ಎಂಟು ದಿನದ ಹಿಂದೆ ಕ್ರೈಸ್ತರ ಶಾಸ್ತ್ರಗ್ರಂಥವನ್ನು ಹೊಸದಾಗಿ ಕನ್ನಡಕ್ಕೆ ಅನುವಾದಿಸುತ್ತಿದ್ದ ಮೇಷ್ಟ್ರು ತಮ್ಮ ಮನೆಯ ಮರದ ಮೆಟ್ಟಿಲ ಕೆಳಗೆ ತಲೆಯೊಡೆದು ಸತ್ತುಬಿದ್ದಿದ್ದರು. ಪಕ್ಕದಲ್ಲಿ, ಎರಡು ಕೈಗೂ ರಕ್ತ ಮಾಡಿಕೊಂಡು, ಅಚ್ಚಿನಮನೆಯಲ್ಲಿ ಪುಸ್ತಕ ಕಟ್ಟುವ ಬೈಂಡರು ಕೂತಿದ್ದ. ಮನೆಯಲ್ಲಿದ್ದ ಇನ್ನೊಬ್ಬರು ಮೇಷ್ಟ್ರ ಹೆಂಡತಿ, ಮೇಷ್ಟ್ರಮ್ಮ. ಆ ಬೈಂಡರನ್ನು ಊರಿಗೆ ಊರೇ ಕರೆಯುವುದು ‘ಸೈತಾನ’ ಎಂದು.

“ಇವತ್ತಿಗೆ ಕಸ್ಟಡಿ ಗಡುವು ತೀರ್ತು, ಮೂರು ಗಂಟೆಗೆ ಮತ್ತೆ ಕೋರ್ಟಿಗೆ ಒಪ್ಪಿಸ್ತೀನಿ,” ಎಂದರು ಇನ್ಸ್‌ಪೆಕ್ಟರು. “ಆಮೇಲೆ ನಿಮ್ಮ ವಕೀಲರುಂಟು, ಜಡ್ಜುಂಟು. ನನ್ನ ತಲೆನೋವು ಮುಗೀತು.”

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು.

ಲಿಪಿಯಕ್ಕ ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದವಳು. ಸಾಕ್ಷಿಯ ಬಾಯಿಂದ ಮಾತು ಉದುರಿದ ಹಾಗೆಯೇ ಹಿಡಿದುಕೊಳ್ಳುವುದು ಅವಳ ಅನ್ನವಾಗಿತ್ತು. ನಿವೃತ್ತಿಯಾದ ಮೇಲೆ ಬಡವರ ಕೇಸು ಹಿಡಿಯುವ ಒಬ್ಬ ವಕೀಲರಿಗಾಗಿ ಅಲ್ಲಿ ಇಲ್ಲಿ ಓಡಾಡಿ ವಿಚಾರಿಸಿಕೊಡುತ್ತಾಳೆ. ಕೊಲೆ ಮಾಡಿದವರ ಹೇಳಿಕೆಯನ್ನೇ ನೂರಾರು ಬರೆದ ಕೈ ಅದು. ಮುಕ್ಕಾಲು ಪಾಲು ಜನ ಕೊನೆಗೆ ಹೇಳುತ್ತಿದ್ದದ್ದು ಒಂದೇ ಮಾತು: ‘ನಾನಲ್ಲ ಸ್ವಾಮಿ, ಅದೇನೋ ಮೈಮೇಲೆ ಬಂದಂಗಾಯ್ತು.’ ಆ ‘ಅದೇನೋ’ ಯಾರು ಎಂದು ಒಬ್ಬ ಜಡ್ಜೂ ಕೇಳಿದ್ದನ್ನು ಅವಳು ಬರೆದಿಲ್ಲ.

“ಸಾಹೇಬ್ರೇ, ಕೊನೇಲಿರೋ ಎರಡು ಚುಕ್ಕಿ ನೋಡಿದ್ರಾ?”

“ಪೆನ್ನು ಸೋರಿರುತ್ತೆ.”

“ಒಂದರ ಮೇಲೊಂದು, ದಾರ ಹಿಡಿದಂಗೆ ಸೋರಲ್ಲ. ಕೋರ್ಟಲ್ಲಿ ಯಾರಾದ್ರೂ ಮಾತು ಶುರು ಮಾಡಿದ್ರೆ ಅವರು ಯಾರು ಅಂತ ಬರೆದು, ಎರಡು ಚುಕ್ಕಿ ಇಟ್ಟು, ಆಮೇಲೆ ಅವರಾಡಿದ್ದು ಬರೀತೀವಿ. ಇದು ಸಾಯೋರ ಬರಹ ಅಲ್ಲ, ನಡಾವಳಿ. ಕೆಳಗೆ ಮಾತಿತ್ತು. ಯಾರೋ ಹರ್ಕೊಂಡಿದ್ದಾರೆ.”

“ಚುಕ್ಕೀನ ಚಂದ್ರ ಮಾಡ್ಬೇಡಿ ಅಕ್ಕ.”

“ಚಂದ್ರ ನೀವೇ ಇಟ್ಕೊಳ್ಳಿ. ಮೇಷ್ಟ್ರಮ್ಮ ಕೊಟ್ಟ ಹೇಳಿಕೆಯ ನಕಲು ಕೊಡಿ. ಎರಡೂ.”

“ಎರಡು ಅಂತ ಯಾರು ಹೇಳಿದ್ರು?”

“ಬಿದ್ದ ದಿನ ಕಾನ್‌ಸ್ಟೇಬಲ್ ಬರ್ಕೊಂಡಿರ್ತಾನೆ. ಎರಡು ದಿನ ಬಿಟ್ಟು ನೀವು ನೀಟಾಗಿ ಬರ್ಕೊಂಡಿರ್ತೀರ. ನಾನು ಈ ಅಂಗಡೀಲಿ ಹೊಸಬಳಲ್ಲ.”

ಇನ್ಸ್‌ಪೆಕ್ಟರು ಗೊಣಗುತ್ತಲೇ ಕೊಟ್ಟರು. ಕೆಟ್ಟ ಮನುಷ್ಯರಲ್ಲ, ಆತುರದ ಮನುಷ್ಯರು.

ಸೈತಾನ ಲಾಕಪ್ಪಿನ ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ನಲವತ್ತು ದಾಟಿದ ಆಳು. ಅಂಟು ಕುದಿಸಿ ಕುದಿಸಿ ಕಣ್ಣು ಸದಾ ಕೆಂಪು, ಉಗುರ ಸಂದಿಯಲ್ಲಿ ಒಣಗಿದ ಗೋಂದು. ಹತ್ತು ವರ್ಷದ ಅನಾಥನಾಗಿ ಅಚ್ಚಿನಮನೆಗೆ ಬಂದವನು ಹನ್ನೆರಡಕ್ಕೆ ಮ್ಯಾನೇಜರ ಕುರ್ಚಿಗೆ ಅಂಟು ಹಚ್ಚಿದ. ಅವತ್ತು ಅಂಟಿಕೊಂಡ ಹೆಸರು. ಮ್ಯಾನೇಜರು ಎದ್ದುಹೋದರು, ಹೆಸರು ಏಳಲಿಲ್ಲ.

“ಹೇಳಪ್ಪ, ಇನ್ನೊಂದ್ಸಲ.”

“ಎಷ್ಟು ಸಲ ಅಕ್ಕ? ಮಾದರಿ ಪುಸ್ತಕ ಕಟ್ಟಿ ತಂದಿದ್ದೆ. ಬಾಗಿಲು ತೆಗೆದಿತ್ತು. ಒಳಗೆ ಕಾಲಿಟ್ಟೆ. ಬಿದ್ದಿದ್ರು. ತಲೆ ಎತ್ತಿ ತೊಡೆ ಮೇಲಿಟ್ಕೊಂಡೆ. ಅಷ್ಟೊತ್ತಿಗೆ ಉಸಿರು ನಿಂತಿತ್ತು.”

“ನೀನು ಹೋದಾಗ ಬಿದ್ದಿದ್ರಾ, ಬೀಳ್ತಾ ಇದ್ರಾ?”

ಅವನು ಗೋಡೆ ನೋಡಿದ. “ಮೇಲಿನ ಕಿಟಕಿ ಬೆಳಕು ಕಣ್ಣಿಗೆ ಹೊಡೀತಿತ್ತು ಅಕ್ಕ. ಏನೂ ಕಾಣಿಸ್ಲಿಲ್ಲ.”

ಮೇಲೆ ಏನು ಕಾಣಿಸಿತು ಎಂದು ಲಿಪಿಯಕ್ಕ ಕೇಳಿಯೇ ಇರಲಿಲ್ಲ.

“ಮೇಷ್ಟ್ರಮ್ಮ ಹೆಂಗಿದ್ದಾರೆ?” ಅವನೇ ಕೇಳಿದ. “ಊಟ ಮಾಡ್ತಾರಂತಾ? ಅವರು ಒಬ್ರೇ ಇದ್ರೆ ಒಲೆ ಹಚ್ಚಲ್ಲ. ಯಾರಾದ್ರೂ ಹೋಗಿ ಕೂತ್ರೆ ಮಾತ್ರ ಅಡುಗೆ ಮಾಡ್ತಾರೆ.” ಸ್ವಲ್ಪ ತಡೆದು, “ನಂಗೆ ಅಕ್ಷರ ಕಲ್ಸಿದ್ದು ಅವರೇ ಅಕ್ಕ. ಮೇಷ್ಟ್ರಲ್ಲ. ಪಾತ್ರೆ ತೊಳೀತಾ ತೊಳೀತಾ ಬೂದೀಲಿ ಬರೆದು ತೋರಿಸ್ತಿದ್ರು,” ಎಂದ.

ಕರಡು ತಿದ್ದುವ ಕೋಣೆ ಅಚ್ಚಿನಮನೆಯ ಹಿಂಭಾಗದಲ್ಲಿತ್ತು. ಗೋಡೆಯಾಚೆ ಯಂತ್ರ ಧಡಕ್ ಧಡಕ್ ಎನ್ನುತ್ತಿತ್ತು. ಮೂವತ್ತೆಂಟು ವರ್ಷದಿಂದ ಅಲ್ಲಿ ಕೂತ ಮುದುಕರನ್ನು ಎಲ್ಲರೂ ಕರಡಜ್ಜ ಎನ್ನುತ್ತಿದ್ದರು. ಯಾರಾದರೂ ನಾಲಿಗೆ ಜಾರಿ ಕರಡಿಯಜ್ಜ ಎಂದರೆ ಅದಕ್ಕೂ ಕೆಂಪು ಗುರುತು ಹಾಕುವ ಪೈಕಿ.

“ಆ ಸೈತಾನ ಅಂತ ಬರೆದಿದ್ದಕ್ಕೆ ನಮ್ಮ ಹುಡುಗನ್ನ ಹಿಡ್ಕೊಂಡು ಹೋದ್ರಾ?” ಕರಡಜ್ಜ ಕನ್ನಡಕ ಹಣೆಗೇರಿಸಿದರು. “ಅಯ್ಯೋ ದೇವರೇ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಕೂತ್ಕೋ ತಂಗಿ. ಕೂತ್ಕೋ.”

ಕಪಾಟಿನಿಂದ ಒಂದು ಉದ್ದನೆಯ ಮರದ ಡಬ್ಬಿ ಇಳಿಸಿದರು. ತುಂಬ ಚೀಟಿಗಳು.

“ಈ ಒಂದು ಪದಕ್ಕೆ ಮೇಷ್ಟ್ರು ಬರೆದ ಚೀಟಿ ನೂರಾ ಹದಿನಾಲ್ಕು. ಯಾವ ಮಾವನೂ ಅಳಿಯನ ಬಗ್ಗೆ ಇಷ್ಟು ವಿಚಾರಿಸಿರಲ್ಲ. ಇದು ನೋಡು, ಮೊದಲನೇದು. ತೋಟದ ಹಾವು. ಅಲ್ಲಿ ಅದು ಬರೀ ಹಾವು. ಮಾತಾಡುತ್ತೆ, ಜಾಣ ಹಾವು, ಒಪ್ಪೋಣ. ಆದ್ರೆ ಸೈತಾನನ ಹೆಸರೇ ಆ ಕಥೇಲಿಲ್ಲ. ಅದರ ಹೆಡೆಗೆ ಆ ಹೆಸರು ಅಂಟಿಸಿದ್ದು ಎಷ್ಟೋ ನೂರು ವರ್ಷ ಆದ್ಮೇಲೆ ಬಂದವರು.”

“ನಮ್ಮ ಬೈಂಡರಿಗೆ ಅಂಟಿದಂಗೆ.”

“ಹಂಗೇ. ಇನ್ನೊಂದು ಕೇಳು. ಕತ್ತೆ ಮೇಲೆ ಹೋಗ್ತಿದ್ದ ಒಬ್ಬನ ದಾರಿಗೆ ದೇವರ ದೂತ ಕತ್ತಿ ಹಿಡಿದು ಅಡ್ಡ ನಿಂತ. ಮೂಲದಲ್ಲಿ ಆ ದೂತನಿಗೂ ಇದೇ ಪದ! ಅಡ್ಡ ನಿಂತವನು, ಅಷ್ಟೇ ಅರ್ಥ. ದೇವರೇ ಕಳಿಸಿದ ಸೈತಾನ. ಆಮೇಲೆ ದೇವರ ದರ್ಬಾರು. ಹತ್ತು ಮಕ್ಕಳನ್ನ ಒಂದೇ ದಿನ ಕಳ್ಕೊಂಡ ಆ ನೀತಿವಂತನ ಕಥೆ ಗೊತ್ತಲ್ಲ? ಅಲ್ಲಿ ಇವನು ನೌಕರ. ಲೋಕ ಸುತ್ತಿ ಬರೋದು, ಯಾರ ಭಕ್ತಿ ಗಟ್ಟಿ, ಯಾರದ್ದು ಟೊಳ್ಳು ಅಂತ ಆಪಾದನೆ ಮಂಡಿಸೋದು. ಅಪ್ಪಣೆ ಇಲ್ಲದೆ ಯಾರ ಕೂದಲೂ ಮುಟ್ಟಂಗಿಲ್ಲ. ಅಲ್ಲಿ ಪದಕ್ಕೆ ಮುಂಚೆ ಒಂದು ಸಣ್ಣ ಅಕ್ಷರ ಇದೆ. ನಮ್ಮ ‘ಆ’ ಇದ್ದಂಗೆ.”

“ಆ ಸೈತಾನ.”

“ನಾವು ಹಂಗಂದ್ರೆ ಅದು ಬೈಗುಳ. ಮೇಷ್ಟ್ರು ಹಂಗಂದ್ರೆ ಅದು ಹುದ್ದೆ! ಆ ಗುಮಾಸ್ತ, ಆ ವಕೀಲ ಅಂದಂಗೆ. ಆ ಭಾಷೇಲಿ ಮನುಷ್ಯರ ಹೆಸರಿಗೆ ಈ ಅಕ್ಷರ ಸೇರಲ್ಲ. ‘ಆ’ ಇದೆ ಅಂದ್ರೆ ಅದು ಹೆಸರಲ್ಲ ಅಂತಲೇ ಲೆಕ್ಕ. ಆಪಾದಕ ಅಂತ ಅರ್ಥ. ಇನ್ನೊಂದು ಕಡೆ ಅವನು ಮಹಾಯಾಜಕನ ಬಲಗಡೆ ನಿಂತು ಆಪಾದನೆ ಮಾಡ್ತಾನೆ. ಅದು ಅವನ ಜಾಗ.”

ಲಿಪಿಯಕ್ಕನ ಪೆನ್ನು ನಿಂತಿತು. “ಬಲಗಡೆ.”

“ಅದಕ್ಕೇ ಮೇಷ್ಟ್ರ ಮನೆ ಮಹಡೀಲಿರೋ ಅನುವಾದದ ಕೋಣೇಲಿ ಒಂದು ಪದ್ಧತಿ. ಮೇಷ್ಟ್ರು ಅನುವಾದ ಓದ್ತಾರೆ. ಬಲಗಡೆ ಕುರ್ಚೀಲಿ ಕೂತವರು ಪ್ರತಿ ಸಾಲಿಗೂ ತಕರಾರು ತೆಗೀಲೇಬೇಕು. ‘ಚೆನ್ನಾಗಿದೆ’ ಅಂದ್ರೆ ಅವತ್ತು ಕುರ್ಚಿ ಬಿಟ್ಟು ಏಳ್ಬೇಕು. ಆ ಕುರ್ಚೀಲಿ ಕೂತವರಿಗೆ ನಾವೆಲ್ಲ ತಮಾಷೆಗೆ ಏನಂತಿದ್ವಿ ಹೇಳು?”

ಹೇಳಬೇಕಾಗಿರಲಿಲ್ಲ.

“ಯಾರು ಕೂತಿದ್ದು ಅಜ್ಜ?”

“ಒಂಬತ್ತು ವರ್ಷ ಮೇಷ್ಟ್ರ ಮಗಳು. ಅಪ್ಪನಿಂದಲೇ ಹಳೇ ಭಾಷೆ ಕಲ್ತು ಅಪ್ಪನಿಗೇ ನೀರು ಕುಡಿಸ್ತಿದ್ಲು.” ಕರಡಜ್ಜನ ದನಿ ಇಳಿಯಿತು. “ಮೂರು ತಿಂಗಳ ಹಿಂದೆ ಅವಳ ಮಗು ಹೋಯ್ತಲ್ಲ. ಐದು ವರ್ಷದ್ದು. ಜ್ವರ ಬಂದು ಒಂದೇ ಸಂಜೆಗೆ. ಅವಳು ಕೆಲಸದ ಮೇಲೆ ಬೇರೆ ಊರಲ್ಲಿದ್ಲು, ಮಗು ಅಜ್ಜಿ ತಾತನ ಹತ್ರ. ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅವತ್ತಿಂದ ಆ ಕೋಣೆಗೆ ಬಂದಿಲ್ಲ. ಕುರ್ಚಿ ಖಾಲಿ.”

ಯಂತ್ರ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಕರಡಜ್ಜ ಮೂಗೊರೆಸಿಕೊಂಡು ಇನ್ನೊಂದು ಚೀಟಿ ತೆಗೆದರು.

“ಇದು ಮೇಷ್ಟ್ರಿಗೆ ಬಹಳ ಇಷ್ಟವಾದ್ದು. ಒಬ್ಬ ರಾಜ ಜನರನ್ನ ಎಣಿಸ್ದ. ಅದೇ ಪಾಪ ಆಗಿ, ಪಿಡುಗು ಬಂದು ಎಪ್ಪತ್ತು ಸಾವಿರ ಜನ ಸತ್ರು. ಎಣಿಸು ಅಂತ ರಾಜನ ತಲೇಲಿ ಹಾಕಿದ್ದು ಯಾರು? ಹಳೇ ಪುಸ್ತಕದಲ್ಲಿ ಕೋಪಗೊಂಡ ದೇವರೇ ಅಂತಿದೆ. ಎಷ್ಟೋ ತಲೆಮಾರು ಕಳೆದ ಮೇಲೆ ಇನ್ನೊಬ್ಬ ಅದೇ ಕಥೆ ಬರೀತಾನೆ. ಅದೇ ರಾಜ, ಅದೇ ಎಣಿಕೆ, ಅದೇ ಸಾವು. ತಲೇಲಿ ಹಾಕಿದ್ದು ಮಾತ್ರ ಸೈತಾನ. ಅಲ್ಲಿಗೆ ‘ಆ’ ಉದುರಿಹೋಯ್ತು ತಂಗಿ. ಹುದ್ದೆ ಹೋಗಿ ಹೆಸರಾಯ್ತು. ಆಮೇಲೆ ಊರು ಸುಟ್ಟು, ಗುಡಿ ಬಿದ್ದು, ಪರರ ಕೈಕೆಳಗೆ ಬದುಕಿದ ಜನ. ಅವರ ಸಂಕಟ ಬೆಳೆದಂಗೆ ಇವನೂ ಬೆಳೆದ. ಲೋಕದ ಒಡೆಯ ಆದ, ಕೊನೆಗೆ ಏಳು ತಲೆಯ ಘಟಸರ್ಪ ಆದ.”

“ಯಾಕೆ ಬದಲಾಯಿಸಿದ್ರು?”

ಕರಡಜ್ಜ ಚೀಟಿ ತಿರುಗಿಸಿ ತೋರಿಸಿದರು. ಮೇಷ್ಟ್ರು ಪೆನ್ಸಿಲಿನಲ್ಲಿ ಗೀಚಿದ್ದರು: ಪ್ರೀತಿಸಿದವರ ಮೇಲೆ ತಪ್ಪು ಹೊರಿಸುವುದು ಕಷ್ಟ. ಯಾರ ಮೇಲೂ ಹೊರಿಸದೆ ಬದುಕುವುದು ಇನ್ನೂ ಕಷ್ಟ.

ಲಿಪಿಯಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಚೀಲದಿಂದ ಎರಡು ಹೇಳಿಕೆ ತೆಗೆದು ಪಕ್ಕಪಕ್ಕ ಇಟ್ಟಳು. ಒಂದೇ ಹೆಂಗಸು, ಒಂದೇ ಸಾವು, ಎರಡು ಹೇಳಿಕೆ. ಮೂವತ್ತೊಂದು ವರ್ಷ ಅವಳ ಕಿವಿಗೆ ಮಾತು ಬೀಳುತ್ತಿತ್ತು. ಇವತ್ತು ಒಂದು ಪದ ಉದುರಿಹೋದದ್ದು ಕಣ್ಣಿಗೆ ಬಿತ್ತು.

“ಅಜ್ಜ, ಕುರ್ಚಿ ಖಾಲಿಯಾದ ಮೇಲಿನ ತಕರಾರು ಹಾಳೆಗಳಿವೆಯಾ?”

“ಕೊನೇ ಮೂರು ವಾರದ್ದಿವೆ, ಕರಡಿನ ಜೊತೆ ಇಲ್ಲಿಗೆ ಬಂದದ್ದು. ಕುರ್ಚಿ ಖಾಲಿ ಅಂತ ಬೇಸರಕ್ಕೆ ಪಾಪ ತಾವೇ ತಕರಾರು ತೆಕ್ಕೊಂಡು ತಾವೇ ಬರ್ಕೊಂಡಿದ್ದಾರೆ.”

ಪ್ರತಿ ಹಾಳೆಯ ನೆತ್ತಿಯಲ್ಲೂ ಅದೇ ಸಾಲು, ಅದೇ ಎರಡು ಚುಕ್ಕಿ. ಮಗಳ ಕಾಲದ ಹಾಳೆಗಳಲ್ಲಿ ‘ಮೂಲದಲ್ಲಿ ಇದು ಬಹುವಚನ’, ‘ಈ ಕ್ರಿಯಾಪದ ತಪ್ಪು’ ಎಂಬ ಪಂಡಿತರ ತಕರಾರು. ಕೊನೆಯ ಮೂರು ವಾರದವು ಬೇರೆ ಥರ.

ಮನೆ ಕುಸಿದು ಊಟಕ್ಕೆ ಕೂತ ಮಕ್ಕಳು ಸತ್ತರು ಅಂತಿದೆ. ಬಡಿಸುತ್ತಿದ್ದವರೂ ಸತ್ತಿರಬೇಕಲ್ಲ? ಅವರ ಹೆಸರು ಯಾಕಿಲ್ಲ?

ಹತ್ತು ಮಕ್ಕಳು ಹೋದರೆ ಅಪ್ಪನಿಗೆ ನಲವತ್ತು ಅಧ್ಯಾಯ. ಹೆತ್ತವಳಿಗೆ ಒಂದೇ ಸಾಲು. ಆಮೇಲೆ ಅವಳೆಲ್ಲಿ ಹೋದಳು?

ಎರಡರ ಕೆಳಗೂ ಮೇಷ್ಟ್ರು ಬರೆದಿದ್ದರು: ಉತ್ತರ ಗೊತ್ತಿಲ್ಲ. ಶಭಾಷ್.

“ಅಜ್ಜ, ನಿಮ್ಮಂಥ ಪಂಡಿತರಿಗೆ ಇದು ಗೊತ್ತಾಗಲ್ಲ,” ಎಂದಳು ಲಿಪಿಯಕ್ಕ, ಮೆಲ್ಲಗೆ. “ಬಡಿಸೋರ ಬಗ್ಗೆ ಕೇಳೋದು ಬಡಿಸೋರೇ.”

ಅಲ್ಲಿಂದಲೇ ಠಾಣೆಗೆ ಫೋನು ಮಾಡಿದಳು. ಆ ಕಾಗದದ ಚೂರು ನಡಾವಳಿಯದೇ, ಸಾಕ್ಷಿಗೆ ಹಾಳೆಗಳಿವೆ, ತಾನು ಮೇಷ್ಟ್ರಮ್ಮನ ಮನೆಗೆ ಹೋಗುತ್ತಿದ್ದೇನೆ, ಮೂರು ಗಂಟೆಯವರೆಗೆ ಬೈಂಡರನ್ನು ಕದಲಿಸಬೇಡಿ ಎಂದಳು.

“ಮೇಷ್ಟ್ರಮ್ಮನ ಮನೆಗಾ?”

ಇನ್ಸ್‌ಪೆಕ್ಟರ ದನಿ ಮೊದಲೇ ದೊಡ್ಡದು. ಆ ಕಡೆ ಇಡೀ ಠಾಣೆಗೆ ಕೇಳಿಸಿರಬೇಕು.

ಮೇಷ್ಟ್ರಮ್ಮ ಮೆಟ್ಟಿಲ ಕೊನೆಯ ಹಲಗೆಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಕಲೆ ಹೋಗಿ ಎಷ್ಟೋ ದಿನವಾಗಿತ್ತು. ಈಗ ಮರವೇ ಸವೆಯುತ್ತಿತ್ತು. ಸಣ್ಣ ಆಳು, ಬಿಗಿಯಾಗಿ ಕಟ್ಟಿದ ನರೆಗೂದಲು, ಮೊಣಕೈತನಕ ಒದ್ದೆ.

“ಬನ್ನಿ. ನೀರು ಕೊಡ್ಲಾ?”

“ಬೇಡಮ್ಮ, ಕೂತ್ಕೊಳ್ಳಿ. ನಿಮ್ಮದೇ ಎರಡು ಮಾತು ಓದ್ತೀನಿ.” ಲಿಪಿಯಕ್ಕ ನೆಲದ ಮೇಲೆಯೇ ಕೂತಳು. “ಅವತ್ತು ಸಂಜೆ ಕಾನ್‌ಸ್ಟೇಬಲ್‌ಗೆ ಹೇಳಿದ್ದು: ‘ನಾವು ಕೆಲಸ ಮಾಡ್ತಾ ಕೂತಿದ್ವಿ. ಅವರು ಎದ್ದರು. ಬಿದ್ದರು.’ ಎರಡು ದಿನ ಆದ್ಮೇಲೆ ಇನ್ಸ್‌ಪೆಕ್ಟರಿಗೆ ಹೇಳಿದ್ದು: ‘ಅವರು ಮೇಲೆ ಕೆಲಸ ಮಾಡ್ತಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಸೈತಾನ ಬಂದಿದ್ದ.’”

“ಮೊದಲನೇದು ದುಃಖದಲ್ಲಿ ಆಡಿದ್ದು. ತಲೆ ನೆಟ್ಟಗಿರ್ಲಿಲ್ಲ.”

“‘ನಾವು’ ಎಲ್ಲಿ ಹೋಯ್ತಮ್ಮ?”

ಮೇಷ್ಟ್ರಮ್ಮ ನಾರನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಇಟ್ಟರು.

ಲಿಪಿಯಕ್ಕ ಮೂರನೆಯ ಕಾಗದ ತೆಗೆದಳು. “‘ಅಪ್ಪನಿಗೆ ನಲವತ್ತು ಅಧ್ಯಾಯ. ಹೆತ್ತವಳಿಗೆ ಒಂದೇ ಸಾಲು.’”

ಎಂಟು ದಿನದಲ್ಲಿ ಮೊದಲ ಬಾರಿಗೆ ಇರಬೇಕು, ಆ ಮುಖದಲ್ಲಿ ನಗುವಿನಂಥದ್ದೊಂದು ಹಾದುಹೋಯಿತು.

“ಅದಕ್ಕೆ ಅವರು ಎದ್ದು ನಿಂತು ಶಭಾಷ್ ಅಂದ್ರು,” ಎಂದರು. “ನಲವತ್ತೆರಡು ವರ್ಷ ಆ ಕೋಣೆಗೆ ಕಾಫಿ ತಗೊಂಡು ಹೋಗ್ತಿದ್ದೆ. ಲೋಟ ಇಟ್ಟು ಬರೋದು, ಅಷ್ಟೇ. ಮಗಳು ಬರೋದು ಬಿಟ್ಟ ಮೇಲೆ ಒಂದಿನ, ‘ನೀನು ಕೂತ್ಕೋ. ನಿಂಗನ್ನಿಸಿದ್ದು ಕೇಳು’ ಅಂದ್ರು. ನಂಗೇನ್ರೀ ಗೊತ್ತು ಅಂದೆ. ‘ಗೊತ್ತಿಲ್ಲದವರೇ ಬೇಕು, ಗೊತ್ತಿರೋರು ನನ್ನ ಬಚಾವು ಮಾಡ್ತಾರೆ’ ಅಂದ್ರು. ಕೂತೆ. ಮೂರು ವಾರ… ಹೇಳಿದ್ರೆ ಹುಚ್ಚು ಅಂತೀರ. ನಮ್ಮ ಮದುವೆ ಶುರುವಾಗಿದ್ದೇ ಆಗ ಅನ್ನಿಸ್ತು.”

“ಅವತ್ತು ಏನು ಕೇಳಿದ್ರಿ?”

ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲೊಂದು ಪುಟ್ಟ ಸ್ವೆಟರಿತ್ತು, ಐದು ವರ್ಷದ ಮಗುವಿನದು. ಅದರ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಕೊಟ್ಟರು. ಮೇಲಿನ ಅಂಚು ಹರಿದಿತ್ತು.

ಮಗುವಿಗೆ ಜ್ವರ ಬಂದದ್ದು ಸೋಮವಾರ. ಆಸ್ಪತ್ರೆಗೆ ಒಯ್ದದ್ದು ಬುಧವಾರ ಸಂಜೆ. ಎರಡು ದಿನ ‘ಇಳಿಯುತ್ತೆ ಬಿಡು’ ಎಂದವರು ಯಾರು? ಮಗಳಿಗೆ ‘ಒಂದೇ ಸಂಜೆಗೆ ಹೋಯಿತು, ದೇವರ ಚಿತ್ತ’ ಎಂದವರು ಯಾರು?

ಅದರ ಕೆಳಗೆ, ಅದೇ ದುಂಡು ಅಕ್ಷರದಲ್ಲಿ:

ಉತ್ತರ: ನಾನು. ಈಗಲೇ ಮಗಳಿಗೆ ತಿಳಿಸುತ್ತೇನೆ.

ಹೊರಗೆ ಯಾರದೋ ಸೈಕಲ್ಲಿನ ಬೆಲ್ಲು ಕೇಳಿ, ದೂರವಾಯಿತು.

“ಆ ನೀತಿವಂತನಿಗೆ ಕೊನೇಲಿ ದೇವರು ಹೊಸ ಹತ್ತು ಮಕ್ಕಳು ಕೊಟ್ಟ ಅನ್ನೋ ಭಾಗ ಓದ್ತಿದ್ರು,” ಎಂದರು ಮೇಷ್ಟ್ರಮ್ಮ. “ಹಳೇ ಹತ್ತು ಮಕ್ಕಳಿಗೆ ಏನು ಉತ್ತರ ಅಂತ ಕೇಳೋಕೆ ಹೋದೆ. ಬಾಯಿಗೆ ಬಂದಿದ್ದು ಇದು. ಅವರು ಒಂದಕ್ಷರ ಬಿಡದೆ ಬರ್ಕೊಂಡ್ರು. ಉತ್ತರಾನೂ ಬರೆದ್ರು. ಎದ್ರು. ಫೋನು ಕೆಳಗಿತ್ತು.”

“ನೀವು ತಡೆದ್ರಾ?”

“ನಂಗೆ ಉತ್ತರ ಬೇಕಿತ್ತು. ಮಗಳಿಗೆ ಗೊತ್ತಾಗೋದು ಬೇಡಾಗಿತ್ತು.” ಅವರ ದನಿ ಸಣ್ಣದಾಯಿತು. “ನಾನೂ ಆ ಎರಡು ದಿನ ಇಲ್ಲೇ ಇದ್ದೆನಲ್ಲ ಲಿಪಿಯಕ್ಕ. ಒದ್ದೆ ಬಟ್ಟೆ ಹಾಕ್ತಾ ಕೂತಿದ್ದೆ. ನಾನ್ಯಾಕೆ ಎತ್ಕೊಂಡು ಓಡ್ಲಿಲ್ಲ? ಅವರಿಗೆ ಕೇಳೋಕೆ ನಾನಿದ್ದೆ. ನನ್ನ ಬಲಗಡೆ ಯಾರೂ ಕೂತಿರ್ಲಿಲ್ಲ.”

ಲಿಪಿಯಕ್ಕ ಬರೆಯುತ್ತಿರಲಿಲ್ಲ. ಪುಸ್ತಕ ತೊಡೆಯ ಮೇಲೆ ಮುಚ್ಚಿಯೇ ಇತ್ತು.

“ಮೆಟ್ಟಿಲ ತುದೀಲಿ ಅವರ ಬೆನ್ನು ಕಂಡಿತು. ‘ಬೇಡ’ ಅಂತ ಕೂಗ್ದೆ. ಕೈ ಚಾಚಿದೆ.” ಅವರು ಬಲಗೈಯನ್ನು ಮುಂದಕ್ಕೆ ಚಾಚಿ ತೋರಿಸಿದರು, ಅದು ಗಾಳಿಯಲ್ಲಿ ಹಾಗೆಯೇ ನಿಂತಿತು. “ಅಂಗಿ ಬೆರಳಿಗೆ ತಾಗಿತು. ಅದು ಗೊತ್ತು. ಹಿಡಿಯೋಕೆ ಚಾಚಿದ್ದೋ, ನೂಕೋಕೆ ಚಾಚಿದ್ದೋ, ಅದು ಗೊತ್ತಿಲ್ಲ. ಕೋಪ ಇತ್ತು. ಮೂರು ತಿಂಗಳ ಕೋಪ. ಪ್ರೀತಿ ಇರ್ಲಿಲ್ವಾ? ಅದೂ ಇತ್ತು. ಎಂಟು ದಿನದಿಂದ ಈ ಕೈನೇ ನೋಡ್ಕೊಂಡು ಕೂತಿದ್ದೀನಿ. ಬಾಯಿ ಬಿಡಲ್ಲ ಇದು.”

“ಹಾಳೆ ಹರಿದಿದ್ದು?”

“ಅವರ ಮಾನ ಉಳೀಲಿ ಅಂತ. ‘ನಾನು’ ಅಂತ ಬರೆದಿದ್ದನ್ನ ಊರು ಓದಬಾರದು ಅಂತ. ಮೇಲಿನ ಅರ್ಧ ಅಲ್ಲೇ ಬಿತ್ತು. ಅದು ಯಾರ ಕೊರಳಿಗೆ ಸುತ್ಕೊಳ್ಳುತ್ತೆ ಅಂತ ಯೋಚಿಸ್ಲಿಲ್ಲ.”

“ಇನ್ಸ್‌ಪೆಕ್ಟರ ಮುಂದೆ ಯೋಚಿಸಿದ್ರಿ.”

ಗಟ್ಟಿಯಾಗಿ ಹೇಳಿದ ಮಾತಲ್ಲ. ಆದರೂ ಮೇಷ್ಟ್ರಮ್ಮ ಕಪಾಳಕ್ಕೆ ಬಿದ್ದವರ ಹಾಗೆ ಕಣ್ಣು ಮುಚ್ಚಿದರು.

“ಯೋಚಿಸಿದೆ,” ಎಂದರು. “ಅವನು ಬಂದಿದ್ದು ನಿಜ. ಅಷ್ಟೇ ಹೇಳಿದೆ. ಉಳಿದಿದ್ದು ಅವರೇ ತುಂಬ್ಕೊಂಡ್ರು, ನಾನು ಬೇಡ ಅನ್ಲಿಲ್ಲ. ಒಂದು ಗೊತ್ತಾ ನಿಮಗೆ? ನಾನು ಅವನನ್ನ ಯಾವತ್ತೂ ಸೈತಾನ ಅಂತ ಕರೆದೋಳಲ್ಲ. ಮಗಾ ಅಂತಲೇ ಕರೀತಿದ್ದೆ. ಅವತ್ತು ‘ಮಗಾ ಬಂದಿದ್ದ’ ಅನ್ನೋಕೆ ನಾಲಿಗೆ ಏಳ್ಲಿಲ್ಲ. ‘ಸೈತಾನ’ ಅಂದೆ. ಸಲೀಸಾಗಿ ಬಂತು.”

ಎದುರುಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು.

“ಅಮ್ಮ, ಕೆಳಗೆ ಅವನು ಎಲ್ಲಿ ನಿಂತಿದ್ದ?”

“ಬಾಗಿಲಲ್ಲಿ. ಪುಸ್ತಕ ಎದೆಗವಚಿಕೊಂಡು ಮೇಲೆ ನೋಡ್ತಿದ್ದ.” ಹೇಳುತ್ತ ಹೇಳುತ್ತ ಅವರ ಕಣ್ಣು ಅಗಲವಾಯಿತು. “ನೋಡ್ತಿದ್ದ. ಅವನಿಗೆ ಗೊತ್ತಿರುತ್ತೆ! ನನ್ನ ಕೈ ಏನು ಮಾಡ್ತು ಅಂತ ಅವನು ನೋಡಿರ್ತಾನೆ.”

“ಬೆಳಕು ಕಣ್ಣಿಗೆ ಹೊಡೀತಿತ್ತು ಅಂತಾನೆ.”

“ನನ್ನ ಮುಂದೆ ಹಂಗನ್ನಲ್ಲ. ನಂಗೆ ಅವನು ಸುಳ್ಳು ಹೇಳಲ್ಲ.” ಮೇಷ್ಟ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಹತ್ತು ವರ್ಷ ಕಡಿಮೆಯಾದವರ ಹಾಗೆ ಎದ್ದರು. “ನಡೀರಿ ಹೋಗೋಣ. ನಾನು ಎಲ್ಲ ಹೇಳ್ತೀನಿ, ಅವನನ್ನ ಬಿಡಿಸ್ತೀನಿ. ಆಮೇಲೆ ಅವನನ್ನ ಕೇಳ್ತೀನಿ. ಹಿಡಿದೆ ಅಂದ್ರೆ ಮಗಳ ಮುಂದೆ ನಿಲ್ತೀನಿ. ನೂಕಿದೆ ಅಂದ್ರೂ ನಿಲ್ತೀನಿ. ಗೊತ್ತಿಲ್ಲದೆ ನಿಲ್ಲೋಕಾಗಲ್ಲ ಲಿಪಿಯಕ್ಕ, ಅದೊಂದು ಆಗಲ್ಲ.”

ಬಾಗಿಲ ಬಳಿ ಚಪ್ಪಲಿ ಮೆಟ್ಟಿದರು. ಬೀಗದ ಕೈ ತೆಗೆದುಕೊಂಡರು. ಇಷ್ಟು ಹಗುರವಾಗಿ ಯಾವ ಸಾಕ್ಷಿಯೂ ತನ್ನ ಜೊತೆ ಹೊರಟದ್ದನ್ನು ಲಿಪಿಯಕ್ಕ ಕಂಡಿರಲಿಲ್ಲ. ಎದ್ದು ನಿಲ್ಲುವಷ್ಟರಲ್ಲಿ ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು.

“ಲಿಪಿಯಕ್ಕ, ಓಡಾಟ ನಿಲ್ಸಿ ಮನೆಗೆ ಹೋಗಿ ಮಲ್ಕೊಳ್ಳಿ,” ಎಂದರು ಇನ್ಸ್‌ಪೆಕ್ಟರು. “ನಿಮ್ಮ ಸೈತಾನ ಒಪ್ಕೊಂಡ.”

“ಏನು ಒಪ್ಕೊಂಡ?”

“ನೀವು ಮೇಷ್ಟ್ರಮ್ಮನ ಮನೆಗೆ ಹೋದ್ರಿ ಅಂತ ಕಿವಿಗೆ ಬಿದ್ದಿದ್ದೇ ತಡ, ಸರಳು ಹಿಡ್ಕೊಂಡು ಕೂಗಾಡಿದ. ‘ಬರ್ಕೊಳ್ಳಿ, ಈಗಲೇ ಬರ್ಕೊಳ್ಳಿ, ಮೇಷ್ಟ್ರನ್ನ ನೂಕಿದ್ದು ನಾನು. ಅಮ್ಮ ಮೇಲೆ ಇರ್ಲೇ ಇಲ್ಲ, ಅಡುಗೆಮನೇಲಿದ್ರು, ಇದನ್ನ ಮೊದಲು ಬರ್ಕೊಳ್ಳಿ’ ಅಂತ. ಸಹಿನೂ ಆಯ್ತು. ಚೆಂದದ ಅಕ್ಷರ ಕಣ್ರೀ ಆಸಾಮೀದು.”

ಫೋನು ಇಟ್ಟಾಗ ಮೇಷ್ಟ್ರಮ್ಮ ಅವಳ ಮುಖವನ್ನೇ ನೋಡುತ್ತಿದ್ದರು.

“ಏನಂತೆ?”

ಮೂವತ್ತೊಂದು ವರ್ಷ ಲಿಪಿಯಕ್ಕ ಯಾರ ಮಾತನ್ನೂ ಒಂದಕ್ಷರ ತಿದ್ದಿದವಳಲ್ಲ. ಈಗ ತಿದ್ದಬೇಕೆನ್ನಿಸಿತು. ನಾಲಿಗೆ ಕೇಳಲಿಲ್ಲ.

“ತಪ್ಪು ತನ್ನ ಮೇಲೆ ಹಾಕ್ಕೊಂಡಿದ್ದಾನಮ್ಮ. ನೀವು ಮೇಲೆ ಇರ್ಲಿಲ್ಲ ಅಂತ ಬರೆಸಿದ್ದಾನೆ.”

“ಏನಂದ? ಅವನಂದ ಹಾಗೇ ಹೇಳಿ.”

“‘ಮೇಷ್ಟ್ರನ್ನ ನೂಕಿದ್ದು ನಾನು.’”

“ಬಿದ್ರು ಅನ್ಲಿಲ್ವಾ?” ಮೇಷ್ಟ್ರಮ್ಮ ಗೋಡೆ ಹಿಡಿದರು. “ಕಾಲು ಜಾರಿತು ಅನ್ನಬಹುದಿತ್ತು. ಅಮ್ಮ ಹಿಡಿಯೋಕೆ ಬಂದ್ರು, ಕೈಗೆ ಸಿಗ್ಲಿಲ್ಲ ಅನ್ನಬಹುದಿತ್ತು. ಹಾಗಾಗಿದ್ರೆ ನನ್ನ ಬಚಾವು ಮಾಡೋಕೆ ಅವನು ಸುಳ್ಳು ಹೇಳೋದೇ ಬೇಕಿರ್ಲಿಲ್ಲ. ‘ನೂಕಿದ್ದು’ ಅಂದನಾ?”

“ಅಮ್ಮ, ಹೆದರಿ ಏನೋ…”

“‘ನೂಕಿದ್ದು’ ಅಂದನಾ, ಲಿಪಿಯಕ್ಕ?”

“ಹೌದಮ್ಮ.”

ಅವರು ತಲೆಯಾಡಿಸಿದರು, ಬಹಳ ದಿನದಿಂದ ಕಾಯುತ್ತಿದ್ದ ಕಾಗದ ಬಂದವರ ಹಾಗೆ. ಮೆಟ್ಟಿದ್ದ ಚಪ್ಪಲಿಯನ್ನು ಒಂದೊಂದಾಗಿ ಬಿಟ್ಟರು. ಅವನ್ನು ಗೋಡೆಗೆ ಸೇರಿಸಿ ಜೋಡಿಸಿಟ್ಟರು.

ಆಮೇಲೆ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು, ಲಿಪಿಯಕ್ಕನ ದಾರಿಗೆ ಅಡ್ಡ ನಿಂತರು.